ಗಡಿಯಿಂದ ಮರಳಿದ ಬಂಡಿ

ಬೀರುವಿನೊಳಗೆ ಚಾಚಿದ ನನ್ನೇಸಾಬರ ಕೈ ಅರ್ಧಕ್ಕೇ ನಿಂತುಬಿಟ್ಟಿತು.

ಕನ್ನಡಿ ಬಾಗಿಲು ತೆರೆದೇ ಇತ್ತು. ನಡುವಿನ ಹಲಗೆಯ ತುಂಬ ಒಂದು ಪುಟ್ಟ ಮರದ ಬಂಡಿ. ನಾಲ್ಕು ಗಾಲಿ, ಮೈಗೆ ಬಳಿದ ಕೆಮ್ಮಣ್ಣು, ಅದರ ಮೇಲೆ ಒಣಗಿ ಕಪ್ಪಾದ ಅರಿಷಿಣ. ಒಳಗೆ ಕಣ್ಣು ಬರೆದ ಮರದ ತುಂಡೊಂದು ಕೂತಿತ್ತು. ಗಾಲಿಗೆ ಕಟ್ಟಿದ್ದ ಕೂಸಿನ ಅಂಗಿಯ ಚಿಂದಿ ಮಾತ್ರ ಇನ್ನೂ ಹಾಗೇ ಇತ್ತು. ಮುಂದೆ ಅಚ್ಚುಕಟ್ಟಾಗಿ ಕತ್ತರಿಸಿದ ಚೀಟಿ: 'ದುರುಗಮ್ಮನ ಬಂಡಿ. ಬಲು ಅಪರೂಪ.'

"ಅಪರೂಪ ಅಂತ, ಅಪರೂಪ!" ನನ್ನೇಸಾಬ್ ಗೊಣಗಿದರು.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಆ ಬಂಡಿ ಏನೆಂದು ಹೇಳಿಕೊಡಬೇಕಾಗಿಲ್ಲ. ಊರಿಗೆ ಸಿಡುಬು ಬಂದರೆ ಇಂಥದೊಂದು ಬಂಡಿ ಮಾಡಿಸುತ್ತಾರೆ. ಬೇನೆ ಬಿದ್ದ ಮಕ್ಕಳ ಬಟ್ಟೆಯ ಚಿಂದಿ ಅದಕ್ಕೆ ಕಟ್ಟುತ್ತಾರೆ. ಅಮ್ಮನನ್ನು ಅದರಲ್ಲಿ ಕೂರಿಸಿ, ಊರಿನ ರೋಗವನ್ನೆಲ್ಲ ಏರಿಸಿ, ಗಡಿಯ ಆಚೆಗೆ ಎಳೆದು ಬಿಟ್ಟು, ಹಿಂತಿರುಗಿ ನೋಡದೆ ಬರುತ್ತಾರೆ. ಗೊರೇಬಾಳದಲ್ಲಿ ನನ್ನೇಸಾಬರು ಹುಡುಗರಾಗಿದ್ದಾಗ ಅವರ ತಾಯಿ ಮೆಹಬೂಬ್‌ಬೀ ಕೂಡ ಬಾಗಿಲಿಗೆ ಬಂದು ಅದರ ಗಾಲಿಗೆ ನೀರು ಹಾಕಿದ್ದಳು. ರೋಗ ಜಾತಿ ಕೇಳಿಕೊಂಡು ಮನೆ ಹೊಗುವುದಿಲ್ಲವಲ್ಲ.

ಒಮ್ಮೆ ಗಡಿ ದಾಟಿದ ಬಂಡಿಯನ್ನು ಯಾರೂ ಮುಟ್ಟುವುದಿಲ್ಲ. ಊರೊಳಗೆ ತಿರುಗಿ ತರುವುದಂತೂ ಮನುಷ್ಯರು ಮಾಡುವ ಕೆಲಸವೇ ಅಲ್ಲ. ಅದನ್ನು ಮನೆಗೆ ತಂದು ಕನ್ನಡಿಯ ಹಿಂದಿಟ್ಟು, ಬಂದವರಿಗೆಲ್ಲ ತೋರಿಸಿ ಹಲ್ಲು ಕಿರಿಯುತ್ತಿದ್ದ ಮಹಾನುಭಾವ ಅಮರಗುಂಡಪ್ಪ, ಮಸ್ಕಿಯ ದೊಡ್ಡ ಅರಳೆ ವ್ಯಾಪಾರಿ. ಈ ಕೋಣೆಯಲ್ಲೇ ತಲೆಯೊಡೆಸಿಕೊಂಡು ಸತ್ತು ಬಿದ್ದಿದ್ದ. ಅವನಿಗೆ ಹಳೆಯ ಸಾಮಾನು ತಂದು ಮಾರುತ್ತಿದ್ದ ಸಿಂಧನೂರಿನ ರದ್ದಿ ಮಾನಪ್ಪ ಖೂನಿಯ ಆರೋಪ ಹೊತ್ತು ಲಿಂಗಸುಗೂರು ಠಾಣೆಯಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ಅವನನ್ನು ರಾಯಚೂರಿನ ಜೈಲಿಗೆ ಸಾಗಿಸಬೇಕು.

"ಅಮೀನ್ ಸಾಹೇಬ್ರ, ಇನ್ನ ಏನ್ ನೋಡೂದೈತ್ರಿ? ಖೂನಿಗಾರ ಸಿಕ್ಕಾನಲ್ಲ," ಎಂದ ಸತ್ತವನ ತಮ್ಮ ಕರಿಬಸಪ್ಪ. ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದ. ಅವನ ಪಕ್ಕ ಜಮಾದಾರ ದುರುಗಪ್ಪ ನಿಂತಿದ್ದ. ಅವನೂ ಒಳಗೆ ಕಾಲಿಟ್ಟಿರಲಿಲ್ಲ.

ನಿಜಾಮರ ಅಮೀನ್‌ಗಿರಿ ಹೋಗಿ ಸಬ್ ಇನ್‌ಸ್ಪೆಕ್ಟರ್ ಆಗಿ ನಾಲ್ಕು ವರ್ಷ ಕಳೆದರೂ ಜನ ನನ್ನೇಸಾಬರನ್ನು ಅಮೀನ್ ಸಾಹೇಬ್ರು ಎನ್ನುವುದು ಬಿಟ್ಟಿರಲಿಲ್ಲ.

"ನಿಮ್ಮಣ್ಣನ ಸಂಪತ್ತು ನೋಡಾಕತ್ತೀನ್ರಿ," ಎಂದರು ಅವರು.

ಸಂಪತ್ತೇ ಸರಿ. ಮೇಲಿನ ಹಲಗೆಗಳಲ್ಲಿ ಕಡ್ಡಿಪೆಟ್ಟಿಗೆಯ ಚಿತ್ರಗಳು, ಗಿರಣಿ ಬಟ್ಟೆಯ ಥಾನಿಗೆ ಅಂಟಿಸಿ ಬರುತ್ತಿದ್ದ ಬಣ್ಣದ ಚಿತ್ರಗಳ ಲಕ್ಷ್ಮಿ, ಆನೆ, ಕುದುರೆ ಮೇಲಿನ ಮೇಮ್‌ಸಾಹೇಬರು, ನಾಟಕ ಕಂಪನಿಗಳ ಕರಪತ್ರ, ಚಲಾವಣೆ ತಪ್ಪಿದ ನಿಜಾಮ ಸರ್ಕಾರದ ಅಂಚೆ ಚೀಟಿ, ಕಾಶಿಯಿಂದ ತಂದ ಹಿತ್ತಾಳೆ ಗಿಂಡಿ, ಕೀಲಿ ಕೊಟ್ಟರೆ ಡೋಲು ಬಡಿಯುವ ತಗಡಿನ ಮಂಗ. ಒಂದೊಂದಕ್ಕೂ ಧೂಳು ಒರೆಸಿ, ಜಾಗ ಮಾಡಿ, ಚೀಟಿ ಅಂಟಿಸಿದ್ದಾನೆ.

ಆ ಸುಖ ನನ್ನೇಸಾಬರಿಗೆ ಗೊತ್ತಿಲ್ಲದ್ದಲ್ಲ. ಹುಡುಗುತನದಲ್ಲಿ ಅವರ ಹತ್ತಿರವೂ ಒಂದು ತಗಡಿನ ಡಬ್ಬಿಯಿತ್ತು. ಹುಲಿ ಚಿತ್ರದ ಕಡ್ಡಿಪೆಟ್ಟಿಗೆ ಸಂತೆಯ ಕಸದಲ್ಲಿ ಸಿಕ್ಕ ದಿನ ಊಟ ಸೇರಿರಲಿಲ್ಲ. ರಾತ್ರಿ ಅದನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ್ದರು. ಯಾರಿಗೂ ಬೇಡವಾದದ್ದು ತನ್ನ ಕೈಯಲ್ಲಿ ಬಂಗಾರವಾಗುವ ಸಂತೋಷಕ್ಕೆ ಎಣೆಯಿಲ್ಲ.

ಆದರೆ ಕಣ್ಣು ಕೆಳಕ್ಕಿಳಿದಂತೆ ಆ ಸಂತೋಷ ಕೊಳೆಯುತ್ತ ಹೋಗಿತ್ತು. ಯಾರದೋ ಮಕ್ಕಳ ಜವಳದ ಕೂದಲು, ಪೊಟ್ಟಣ ಪೊಟ್ಟಣ. ಹಾಲು ಕಮಟು ಹಿಡಿದ ಗಿಲಕಿಗಳು. ಮೂಲೆಯ ಬಟ್ಟಲಲ್ಲಿ ಹುಣಸೆಬೀಜದ ಅಂಟು ಬೂಸ್ಟು ಹಿಡಿದು, ಅದರೊಳಗೆ ಜಿರಲೆಯೊಂದು ಕಾಲು ಮೇಲೆ ಮಾಡಿ ಬಿದ್ದಿತ್ತು. ಇಷ್ಟೆಲ್ಲದರ ನಡುವೆ ರಾಜನಂತೆ ಆ ಬಂಡಿ. ನನ್ನೇಸಾಬ್ ಕರವಸ್ತ್ರ ಮೂಗಿಗೊತ್ತಿಕೊಂಡರು.

ಬಂಡಿಯ ಹಿಂದೆ ಏನಿದೆ ಎಂದು ನೋಡಬೇಕಾಗಿತ್ತು. ಬಂಡಿ ಎತ್ತಿ ಪಕ್ಕಕ್ಕಿಟ್ಟರೆ ಮುಗಿಯಿತು. ಮತ್ತೊಮ್ಮೆ ಕೈ ಚಾಚಿದರು. ಮತ್ತೊಮ್ಮೆ ಕೈ ಹಿಂದೆ ಬಂತು.

"ದುರುಗಪ್ಪ, ಇದನ್ನ ಆ ಕಡಿ ಇಡು ಬಾ."

"ನೌಕರಿ ಬಿಡಂದ್ರ ಬಿಡ್ತೀನ್ರಿ ಸಾಹೇಬ್ರ. ಅದನ್ನ ಮಾತ್ರ ಮುಟ್ಟು ಅನಬ್ಯಾಡ್ರಿ."

ಬೈಯಬೇಕೆಂದು ಬಾಯಿ ತೆರೆದ ನನ್ನೇಸಾಬ್ ಸುಮ್ಮನಾದರು. ತಮಗೇ ಆಗದ್ದನ್ನು ಅವನಿಗೆ ಹೇಳಿ ಏನು ಪ್ರಯೋಜನ?

ಆ ಬೀರು ಇದ್ದ ಜಾಗದಲ್ಲಿ ಹಿಂದೊಮ್ಮೆ ಬಾಗಿಲಿತ್ತು. ಬಾಗಿಲು ತೆಗೆಸಿ ಬೀರು ಕೂರಿಸಿ, ಹಿಂಬದಿಗೆ ಹಲಗೆ ಬಡಿಸಿದ್ದರು. ಹಲಗೆಯ ಆಚೆ ಕಾಳುಕಡಿ ಇಡುವ ಕೋಣೆ. ಖೂನಿಯಾದ ದಿನ ಆ ಹಲಗೆಗಳಲ್ಲಿ ಎರಡನ್ನು ಯಾರೋ ಕಬ್ಬಿಣದ ಸಲಾಕೆಯಿಂದ ಮೀಟಿ ಕಿತ್ತಿದ್ದರು. ನನ್ನೇಸಾಬ್ ಸುತ್ತು ಹಾಕಿ ಆ ಕೋಣೆಗೆ ಹೋಗಿ, ಕಿತ್ತ ಸಂದಿಯಲ್ಲಿ ಕೈ ಹಾಕಿದರು.

ಹಾಕಿದವರೇ ಬೆಪ್ಪಾಗಿ ನಿಂತರು. ತಾವು ಈಗ ಮಾಡುತ್ತಿರುವುದೇನು? ಮುಂದೆ ಬಾಗಿಲು ತೆರೆದಿದೆ. ಅದಕ್ಕೆ ಬೀಗವಿಲ್ಲ, ಬರೀ ಚಿಲಕ. ಆದರೂ ತಾವು ಹಿಂದಿನಿಂದ ಬಂದಿದ್ದಾರೆ. ಯಾಕೆ? ಬಂಡಿ ಮುಟ್ಟಬಾರದೆಂದು.

ಹಲಗೆ ಕಿತ್ತವರೂ ಅದಕ್ಕೇ ಹಿಂದಿನಿಂದ ಬಂದಿದ್ದರು!

"ತಮ್ಮಾ ಕರಿಬಸಪ್ಪ," ಕೂಗಿದರು. "ಈ ಹಲಗಿ ಮಾನಪ್ಪ ಕಿತ್ತಾನಂತ ನಿಮಗ ಯಾರ್ ಹೇಳಿದ್ರು?"

"ಮತ್ತ್ಯಾರ್ ಕೀಳ್ತಾರ್ರಿ? ಅಣ್ಣನ ತಲಿ ಒಡದು, ಹಿಂದಿನಿಂದ ಕಳವು ಮಾಡ್ಯಾನ. ಅವನ ಚೀಲದಾಗ ಥಾನಿನ ಚಿತ್ರ ಸಿಕ್ಕಾವಲ್ರಿ."

"ತಲಿ ಒಡದ ಮ್ಯಾಲ ಕೋಣಿ ಪೂರಾ ಅವಂದ. ಬಾಗಲಾ ತೆರದೈತಿ. ಗ್ವಾಡಿ ಸುತ್ತಿ ಬಂದು ಹಲಗಿ ಯಾಕ ಕೀಳ್ತಾನ?"

ಪಕ್ಕದಲ್ಲೇ ಇದ್ದ ಆ ಮನೆಯವರ, ಅರಳೆಯಿಂದ ಬೀಜ ಬಿಡಿಸುವ ಜಿನ್ನಿನ ಸದ್ದು ಗಡಗಡ ಕೇಳುತ್ತಿತ್ತು. ಆ ಸದ್ದಿನಲ್ಲಿ ಹಲಗೆಯೇನು, ಮನೆಯನ್ನೇ ಕಿತ್ತರೂ ಯಾರಿಗೂ ಕೇಳುವಂತಿರಲಿಲ್ಲ.

ನನ್ನೇಸಾಬ್ ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಿದರು. ಬಂಡಿಯ ಬೆನ್ನ ಹಿಂದೆ, ಧೂಳಿನಲ್ಲಿ, ಒಂದು ದುಂಡು ಗುರುತು. ಏನೋ ಒಂದು ಅಲ್ಲಿ ನಿಂತಿತ್ತು, ಈಗ ಇಲ್ಲ. ಮೇಲಿನ ಹಲಗೆಯಲ್ಲಿ ಕಿನ್ನಾಳದ ಮರದ ಗೊಂಬೆಯೊಂದಿತ್ತು. ರುಮಾಲು ಸುತ್ತಿದ ಮದುಮಗ. ಕೆಳಗಿಳಿಸಿ ಹಿಡಿದು ನೋಡಿದರು. ಅದರ ಬುಡವೂ ಆ ಗುರುತೂ ಒಂದೇ ಅಳತೆ. ಜೋಡಿಯ ಮದುಮಗಳು ಹೋಗಿದ್ದಳು.

ಗುರುತಿನ ಸುತ್ತ ಏನೋ ಹುಡಿ ಬಿದ್ದಿತ್ತು. ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿದರು. ಕರಿಯ ಎರೆಮಣ್ಣು. ಅದರಲ್ಲಿ ವಿಭೂತಿಯ ಬಿಳಿ ಚೂರು, ಉಪ್ಪಿನ ಹರಳು. ಮೂಗಿನ ಹತ್ತಿರ ತಂದವರು ಥಟ್ಟನೆ ಕೈ ದೂರ ಮಾಡಿದರು.

ಮಣ್ಣು, ವಿಭೂತಿ, ಉಪ್ಪು. ಈ ಮೂರೂ ಕೂಡುವ ಜಾಗ ಒಂದೇ. ಲಿಂಗವಂತರು ಸತ್ತವರನ್ನು ಕೂರಿಸುವ ಕುಣಿ.

ಯುಗಾದಿ ಹೊತ್ತಿಗೆ ಮಸ್ಕಿಗೆ ಸಿಡುಬು ಬಂದಾಗ ಅಮರಗುಂಡಪ್ಪನ ಒಬ್ಬಳೇ ಮಗಳು ನೀಲಮ್ಮ ಹೋಗಿದ್ದಳು. ಐದು ತುಂಬಿರಲಿಲ್ಲ. ಆಡುತ್ತಿದ್ದ ಗೊಂಬೆಯನ್ನು ತೊಡೆಯ ಮೇಲಿಟ್ಟೇ ಮಣ್ಣು ಮಾಡಿದರೆಂದು ಊರವರು ಹೇಳಿದ್ದನ್ನು ನನ್ನೇಸಾಬರೂ ಕೇಳಿದ್ದರು.

ಆ ಗೊಂಬೆ ಈ ಬೀರುವಿಗೆ ಹೇಗೆ ಬಂತು? ಉತ್ತರ ಹೊಳೆದದ್ದೇ ತಡ, ಅವರು ಹಿತ್ತಲಿಗೆ ಓಡಿ ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ಉಜ್ಜಿದರು. ಎಷ್ಟು ಉಜ್ಜಿದರೂ ಸಮಾಧಾನವಾಗಲಿಲ್ಲ.

"ತೋಬಾ, ತೋಬಾ! ಮನುಷ್ಯನೇನು ಅವನು?"

*

ಲಿಂಗಸುಗೂರಿನ ಠಾಣೆಯೆದುರು ಬೇವಿನ ಮರದ ಕೆಳಗೆ ಮಾನಪ್ಪನ ಹೆಂಡತಿ ಬಸವಣ್ಣೆಮ್ಮ ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನೇಸಾಬ್ ಬಸ್ಸಿಳಿದು ಬರುವುದನ್ನು ಕಂಡು ಎದ್ದು ನಿಂತಳು. ಏನನ್ನೂ ಕೇಳಲಿಲ್ಲ. ಆ ಕೇಳದಿರುವಿಕೆಯೇ ಅವರಿಗೆ ಚುಚ್ಚಿತು.

ಒಳಗೆ ಮಾನಪ್ಪ ಸರಳಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕಾಲಿನ ಹುಣ್ಣು ಕೆರೆಯುತ್ತಿದ್ದ.

"ಮಾನಪ್ಪ, ಅಮರಗುಂಡಪ್ಪನ ಬೀರುವಿನ್ಯಾಗ ಒಂದು ಬಂಡಿ ಐತಿ. ಅದನ್ನ ತಂದಾಂವ ಯಾರಲೇ?"

ಕೆರೆಯುವ ಬೆರಳು ನಿಂತಿತು. "ಯಾವ ಬಂಡಿ ರೀ?"

"ಯಾವ ಬಂಡಿ ಅಂತ ನಿನಗ ಗೊತ್ತೈತಿ."

"ನನಗೇನ್ ಗೊತ್ರಿ ಸಾಹೇಬ್ರ. ನಾ ಕಾಗದ ಮಾರಾಂವ. ಅದನ್ನ ಸಾಹುಕಾರ್ರ ಸ್ವತಾ ತಂದಾರಂತ. ಊರಾಗ ಎಲ್ಲಾರ ಮುಂದ ಹಂಗ ಹೇಳ್ಯಾರ."

"ನೋಡಪಾ, ಇಲ್ಲಿ ಕೇಳು. ಹಲಗಿ ಕಿತ್ತಾಂವ ಆ ಬಂಡಿಗಿ ಅಂಜ್ಯಾನ. ನೀ ಅದನ್ನ ತಂದಾಂವ ಇದ್ರ ನಿನಗ ಅಂಜಿಕಿ ಇಲ್ಲ. ಎತ್ತಿ ಪಕ್ಕಕ್ಕ ಇಟ್ಟು ಬೇಕಾದ್ದು ತಗೀತಿದ್ದಿ. ತಂದೀನಿ ಅಂದಿ ಅಂದ್ರ ನಿನ್ನ ಉಳಸಾಕ ನನಗ ಒಂದು ದಾರಿ ಸಿಗತೈತಿ. ಇಲ್ಲಂದಿ ಅಂದ್ರ ಹಗ್ಗ."

ತಲೆಯೆತ್ತಿದ ಮಾನಪ್ಪನ ಕಣ್ಣಲ್ಲಿ ನೀರು ತುಂಬಿತ್ತು.

"ಹಗ್ಗಕ್ಕ ಹಾಕಿದ್ರ ನಾ ಒಬ್ಬಾಂವ ಸಾಯ್ತೀನ್ರಿ. ಇದು ಮಸ್ಕಿಯಾಗ ಗೊತ್ತಾತು ಅಂದ್ರ ನನ್ನ ಹೆಂಡ್ತಿ ಮಕ್ಕಳ್ನ ಜೀವಂತ ಬಿಡ್ತಾರೇನ್ರಿ? ಎಷ್ಟ ಮನಿ ಕೂಸು ಹೋಗ್ಯಾವ ಅಲ್ಲಿ!"

"ಅಂದ್ರ ನೀನ ತಂದಿ."

"ತಂದೀನ್ರಿ."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಯುಗಾದಿಗೆ ಮುಂಚೆ ವಳಕಮದಿನ್ನಿಯ ಗಡಿಯಲ್ಲಿ, ಜಾಲಿ ಪೊದೆಯ ಹತ್ತಿರ ಬಿದ್ದಿತ್ತಂತೆ. ಅಮರಗುಂಡಪ್ಪ ಎರಡು ವರ್ಷದಿಂದ ಅಂಥದೊಂದನ್ನು ಕೇಳುತ್ತಿದ್ದನಂತೆ. ಮಾನಪ್ಪ ಕಣ್ಣು ಮುಚ್ಚಿ ಎತ್ತಿ, ಗೋಣಿಚೀಲದಲ್ಲಿ ಸುತ್ತಿ, ಸಿಂಧನೂರಿನಲ್ಲಿ ಬಸ್ಸಿಗೆ ಹಾಕಿಕೊಂಡು ಮಸ್ಕಿಗೆ ತಂದಿದ್ದ.

"ಬಸ್ಸಿನ್ಯಾಗ?" ನನ್ನೇಸಾಬರ ಮುಖ ಕಿವುಚಿತು. "ಮಂದಿ ನಡುವ? ಕೂಸು ಕುನ್ನಿ ನಡುವ?"

"ಸೀಟಿನ ಬುಡಕ ಇಟ್ಟಿದ್ನಿರಿ. ಹೊಟ್ಟಿ ಕೆಟ್ಟದ್ದು ಸಾಹೇಬ್ರ."

"ಅಂವಾ ಏನಂದ ನೋಡಿ?"

"ಏನ್ ಹೇಳ್ಲಿ ರೀ ಅವರ ಖುಷಿ! ಒಂದು ಹರಕ ಕಡ್ಡಿಪೆಟ್ಟಿಗಿ ಚಿತ್ರ ಕೊಟ್ರ ಕುಣದಾಡಾ ಮನಷ್ಯಾ. ಇದನ್ನ ನೋಡಿದ ಕೂಡ್ಲೆ ಕಣ್ಣಾಗ ನೀರು ಬಂದುವ್ರಿ. ಹೆತ್ತ ಕೂಸಿನ್ನ ಎತ್ತಿಕೊಂಡಂಗ ಎದಿಗವಚಿಕೊಂಡ್ರು. ಆ ಚಿಂದಿ ಬಿಚ್ಚಿ ಒಗೀರಿ ಅಂದೆ. 'ಲೇ ಹುಚ್ಚಾ, ಚಿಂದಿ ಇದ್ರ ಇದಕ್ಕ ಕಿಮ್ಮತ್ತು' ಅಂದು ಅದನ್ನ ಮೂಗಿಗಿ ಹಿಡದು ವಾಸನಿ ನೋಡಿದ್ರು."

"ಬಸ್ ಮಾಡು!"

ನನ್ನೇಸಾಬ್ ಕಿಟಕಿಯ ಹತ್ತಿರ ಹೋಗಿ ಉಗುಳಿದರು. ಮೊಮ್ಮಕ್ಕಳ ತಲೆ ನೇವರಿಸಿದ ಕೈಯಲ್ಲಿ ಈ ಸುದ್ದಿಯನ್ನು ಹೇಗೆ ಬರೆದುಕೊಳ್ಳುವುದೋ ತಿಳಿಯಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಹೇಸಿ? ಹಣಕ್ಕಾಗಿ ತಂದವನೋ, ಸುಖಕ್ಕಾಗಿ ತರಿಸಿಕೊಂಡವನೋ? ಆದರೆ ಹೇಸಿ ಮನುಷ್ಯನಾದ ಮಾತ್ರಕ್ಕೆ ಯಾರೋ ಮಾಡಿದ ಖೂನಿಗೆ ಇವನು ನೇಣಿಗೇರಬೇಕೆಂದಿಲ್ಲ.

"ಆ ದಿನ ನೀ ಮಸ್ಕಿ ಬಿಟ್ಟಾಗ ಅಂವಾ ಬದುಕಿದ್ನ?"

"ಪ್ಯಾಟಿಗಿ ಹೋಗಿ ಬರ್ತೀನಿ ಅಂತ ಸಾಹುಕಾರ್ರೂ ನನ್ನ ಕೂಡ ಎದ್ರು. ಚಿತ್ರ ನನ್ನ ಕೈಯಾಗ ಅವರ ಕೊಟ್ಟಿದ್ರು, ಸಿಂಧನೂರಾಗ ಬದಲಾಯಿಸಿ ಕೊಡು ಅಂತ. ಅವರ ಹೆಂಡ್ತಿ ಶಿವಬಸಮ್ಮನೋರು ಮಜ್ಜಿಗಿ ಕೊಟ್ರು. ಕುಡದು ಮಧ್ಯಾಹ್ನದ ಬಸ್ ಹತ್ತಿದೆ. ಯಾರೂ ನಂಬವಲ್ರು."

ಅವನು ಸರಳಿನ ನಡುವಿನಿಂದ ಕೈ ಚಾಚಿ ನನ್ನೇಸಾಬರ ಅಂಗಿ ಹಿಡಿದ.

"ರಾಯಚೂರಾಗ ದೊಡ್ಡ ಸಾಹೇಬ್ರ ಮುಂದ ಹೇಳ್ರಿ, ಬ್ಯಾಡನ್ನಂಗಿಲ್ಲ. ಮಸ್ಕಿಯಾಗ ಮಾತ್ರ ಒಂದು ಪಿಳ್ಳಿಗೂ ತಿಳೀಬಾರ್ದು. ನಿಮ್ಮ ಅಲ್ಲಾನ ಮ್ಯಾಲ ಆಣಿ ಮಾಡ್ರಿ."

"ಆತು. ಮಸ್ಕಿಯಾಗ ನನ್ನ ಬಾಯಿಂದ ಹೊರಬೀಳಂಗಿಲ್ಲ."

ಅಂಗಿಯ ತೋಳಿನ ಮೇಲೆ ಅವನ ಹುಣ್ಣಿನ ರಸ ಹತ್ತಿತ್ತು. ನನ್ನೇಸಾಬ್ ಅದನ್ನು ಒರೆಸಿಕೊಳ್ಳದೆ ಹೊರಬಂದು, ಹೊರಟು ನಿಂತಿದ್ದ ಮಸ್ಕಿ ಬಸ್ಸಿಗೆ ಕೈ ಮಾಡಿದರು.

*

ಶಿವಬಸಮ್ಮ ಒಳಪಡಸಾಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಹಣೆಯಲ್ಲಿ ವಿಭೂತಿ, ಬರಿಗೈ. ಆಕೆಗೆ ಮೂವತ್ತಾಗಿರಲಿಲ್ಲ. ನನ್ನೇಸಾಬ್ ಹೊಸ್ತಿಲಲ್ಲೇ ಜೋಡು ಬಿಟ್ಟು, ದೂರದ ಚಾಪೆಯ ಮೇಲೆ ಕೂತರು. ದುರುಗಪ್ಪನನ್ನೂ ಕರಿಬಸಪ್ಪನನ್ನೂ ಚಾವಡಿಗೆ ಕಳಿಸಿದ್ದರು.

"ತಾಯಿ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ಗೊಂಬಿ ಎಲ್ಲೈತ್ರಿ?"

ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. "ಅದರ ಜಾಗಾದಾಗ ಐತ್ರಿ."

"ಮಗಳ ಹತ್ರ?"

"ಹೂಂ ರೀ. ತಿರುಗಿ ಇಟ್ಟು ಬಂದೀನಿ."

ಇಷ್ಟು ಸಲೀಸಾಗಿ ಒಪ್ಪಿಯಾಳೆಂದು ನನ್ನೇಸಾಬ್ ಎಣಿಸಿರಲಿಲ್ಲ. "ಹಲಗಿ ಕಿತ್ತವ್ರು ನೀವು."

"ನಾನ."

"ಮುಂದ ಬಾಗಲಾ ಇತ್ತಲ್ರಿ?"

"ಅವರು ಪ್ಯಾಟಿಗಿ ಹೋಗಿದ್ರು. ಕೋಣಿ ಖಾಲಿ ಇತ್ತು. ಬೀರು ಮುಂದ ಹೋಗಿ ನಿಂತೆ. ಆ ಬಂಡಿ ಸರಸಿದ್ರ ನನ್ನ ಮಗಳ ಗೊಂಬಿ ಕೈಗಿ ಬರತಿತ್ತು. ಆಗಲಿಲ್ರಿ. ಅದ ನನ್ನ ಮನಿಗಿ ಅಮ್ಮನ್ನ ತಂದದ್ದು. ಹೆಂಗ ಮುಟ್ಟಲಿ?"

ಜಿನ್ನಿನ ಸದ್ದು ಗೋಡೆಯನ್ನು ನಡುಗಿಸುತ್ತಿತ್ತು. ಆಕೆ ಅದಕ್ಕೆ ತಕ್ಕಂತೆ ದನಿಯೇರಿಸಿ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು.

"ಲಗ್ನ ಆದ ಹೊಸದರಾಗ ನಾವಿಬ್ರೂ ಕೂಡಿ ಥಾನಿನ ಚಿತ್ರ ನೀರಾಗ ನೆನಿ ಹಾಕಿ ಬಿಡಸ್ತಿದ್ವಿ. ಒಂದೊಂದ ಲಕ್ಷ್ಮಿ, ಒಂದೊಂದ ನವಿಲು, ನೀರಿನ ಮ್ಯಾಲ ತೇಲಿ ಬರ್ತಿತ್ತು. ಇಬ್ರೂ ಉಸಿರು ಹಿಡದು ನೋಡ್ತಿದ್ವಿ. ಅಷ್ಟ ಛಂದ ದಿನಾ ಮತ್ತ ಬರಲಿಲ್ರಿ ನನಗ. ಆ ಮನಷ್ಯಾ ಹಿಂಗಾಗ್ತಾನಂತ ಯಾರಿಗಿ ಗೊತ್ತಿತ್ತು?"

"ಗೊಂಬಿ ಯಾವಾಗ ನೋಡಿದ್ರಿ?"

"ಕನ್ನಡಿ ಒರಸೂವಾಗ. ಬಂಡಿ ಹಿಂದಿನಿಂದ ತಲಿ ಕಾಣತಿತ್ತು. ನೀಲಿಗಿ ಹಲ್ಲು ಬರೂವಾಗ ಅದರ ಮೂಗು ಕಚ್ಚಿದ್ಲು. ಆ ಗುರ್ತು ಇತ್ತು."

ಬತ್ತಿ ಕೈಯಿಂದ ಜಾರಿತು.

"ಮಗಳ ಹೋದ ಮ್ಯಾಲ ಆತ ಅನ್ನಾ ಬಿಟ್ಟಿದ್ದ ಅಮೀನ್ ಸಾಹೇಬ್ರ. ನಾನ ಕೈತುತ್ತು ಮಾಡಿ ಉಣಸ್ತಿದ್ದೆ. ಮಗಳ ದುಃಖಾ ಅಂತ ತಿಳಿದಿದ್ದೆ. ಆತಗ ಜೋಡಿ ಒಡದದ್ದರ ದುಃಖಾ! ಮದುಮಗ ಇಲ್ಲಿ, ಮದುಮಗಳು ಮಣ್ಣಾಗ. ಅದಕ್ಕ ಮಗಳ ಕುಣಿ ಬಗದು ತಂದು ಇಟ್ಟುಕೊಂಡಾನ."

ಅಲ್ಲಿಯತನಕ ಗಂಡನನ್ನು 'ಅವರು' ಎನ್ನುತ್ತಿದ್ದವಳ ಬಾಯಲ್ಲಿ ಅವನು 'ಆತ'ನಾಗಿ, 'ಇಟ್ಟುಕೊಂಡಾನ' ಎಂದಾಗ ಅಷ್ಟೂ ಉಳಿದಿರಲಿಲ್ಲ. ಸತ್ತವನ ಮೇಲೆ ಇಷ್ಟು ಹೇಸಿಗೆ ನನ್ನೇಸಾಬರಿಗೆ ಎಂದೂ ಆಗಿರಲಿಲ್ಲ. ಅಂಥವನನ್ನು ಕೊಂದವರನ್ನು ಹುಡುಕುತ್ತ ಅಲೆಯುವ ತಮ್ಮ ನೌಕರಿಯ ಮೇಲೂ ಹೇಸಿಗೆ ಬಂತು.

"ನೀವ ಹೊಡದ್ರೇನ್ರಿ?" ಮೆಲ್ಲಗೆ ಕೇಳಿದರು.

"ಇಲ್ರಿ. ಹೊಡೀಬೇಕಿತ್ತು. ಹೊಡದಿಲ್ಲ." ಆಕೆ ನೇರವಾಗಿ ನೋಡಿದಳು. "ನಾ ಹಲಗಿ ಕಿತ್ತು ಗೊಂಬಿ ತಗೊಳ್ಳೂವಾಗ ಆತ ತಿರುಗಿ ಬಂದ. ಸಂದ್ಯಾಗಿಂದ ಕಾಣತಿತ್ತು. ಸಂಗಾಟ ಒಬ್ಬಾಂವ ಇದ್ದ. ಅವಗ ಬೀರು ತೋರಸಾಕಂತ ಬಾಗಲಾ ತೆಗದ. ನಾ ಸರದು ನಿಂತೆ. ಜಿನ್ನಿನ ಸಪ್ಪಳಕ್ಕ ಮಾತು ಕೇಳಲಿಲ್ಲ. ಮತ್ತ ಇಣುಕಿದಾಗ ಆತ ನೆಲಕ್ಕ ಬಿದ್ದಿದ್ದ. ಆ ಬಂದಾಂವ ಮ್ಯಾಲ ನಿಂತಿದ್ದ."

ನನ್ನೇಸಾಬ್ ಮುಂದಕ್ಕೆ ಬಾಗಿದರು. "ಮಾನಪ್ಪ ಅಲ್ಲ?"

"ಅಂವಗ ನಾನ ಮಜ್ಜಿಗಿ ಕೊಟ್ಟು ಕಳಿಸಿದ್ದೆ. ಬಸ್ ಹತ್ತೂದನ್ನೂ ನೋಡೀನಿ."

"ಮತ್ತ ಇಷ್ಟ ದಿನ ಯಾಕ ಸುಮ್ಮಕಿದ್ರಿ?"

"ಹೇಳಿದ್ರ ಹಲಗಿ ಯಾಕ ಕಿತ್ತಿ ಅಂತ ಕೇಳ್ತಾರ. ಗೊಂಬಿ ಸುದ್ದಿ ಬರತೈತಿ. ಮಗಳ ಕುಣಿ ಬಗದ ಮನಿ ಅಂತ ಊರು ಉಗುಳತೈತಿ." ಆಕೆ ಕಣ್ಣೊರೆಸಿಕೊಂಡಳು. "ಆದ್ರ ನಿನ್ನೆ ಆ ಬಡವನ ಹೆಂಡ್ತಿ ಬಂದು ಹೊಸ್ತಿಲಿಗಿ ತಲಿ ಇಟ್ಟು ಹೋದಳ್ರಿ. ನನ್ನ ಕುಂಕುಮ ಹೋತು, ಹೋಗಲಿ. ಆಕಿದ್ಯಾಕ ಹೋಗಬೇಕು? ನಾ ರಾಯಚೂರಿಗಿ ಬಂದು ಕಂಡದ್ದನ್ನ ಗವಾಹಿ ಹೇಳ್ತೀನಿ. ಹೆಸರೂ ಹೇಳ್ತೀನಿ."

ಎಷ್ಟೋ ವರ್ಷಗಳ ನೌಕರಿಯಲ್ಲಿ ಇಷ್ಟು ಹಗುರ ಅವರಿಗೆ ಆಗಿರಲಿಲ್ಲ. ಮಾನಪ್ಪ ಉಳಿದ. ಬೇವಿನ ಮರದ ಕೆಳಗಿನ ಆ ಹೆಂಗಸು ಇಂದು ರಾತ್ರಿ ರೊಟ್ಟಿ ತಿನ್ನಬಹುದು.

"ಖುದಾ ನಿಮ್ಮನ್ನ ಛಲೋ ಇಡಲಿ ತಾಯ್ರಿ. ಯಾರಂವ?"

"ಹೇಳ್ತೀನಿ. ಒಂದು ಮಾತು. ಜಗತ್ತ ಮಾನಪ್ಪನ್ನ ಖೂನಿಗಾರ ಅಂತೈತಿ. ನೀವೊಬ್ರ ಅಲ್ಲಂದ್ರಿ. ನಿಮಗ ಹೆಂಗ ತಿಳೀತು?"

ಕೇಳಬಾರದ ಪ್ರಶ್ನೆಯೇನಲ್ಲ. ಮೆಚ್ಚುಗೆಯಿಂದಲೇ ಕೇಳಿದ್ದಳು. ನನ್ನೇಸಾಬರಿಗೂ ತಮ್ಮ ಲೆಕ್ಕಾಚಾರದ ಮೇಲೆ ಬೆಳಗಿನಿಂದ ಸಣ್ಣದೊಂದು ಹೆಮ್ಮೆಯಿತ್ತು. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಬಂಡಿ ನೋಡ್ರಿ ತಾಯಿ, ಅದ ನನಗ ಹೇಳ್ತು. ಹಲಗಿ ಕಿತ್ತವರಿಗಿ ಬಂಡಿ ಅಂಜಿಕಿ ಇತ್ತು. ಮಾನಪ್ಪಗ ಎಲ್ಲಿ ಅಂಜಿಕಿ? ಗಡಿಯಿಂದ ಕೈಯಾರೆ ಎತ್ತಿ ತಂದಾಂವ—"

ನಾಲಿಗೆ ಕಚ್ಚಿಕೊಂಡರು. ತಡವಾಗಿತ್ತು.

ಶಿವಬಸಮ್ಮ ಅವರನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಉಳಿದಿದ್ದ ನೀರು ಅಲ್ಲೇ ಆರಿಹೋಯಿತು.

"ಬಂಡಿ ತಂದಾಂವ ಮಾನಪ್ಪ?"

"ತಾಯಿ, ನಾ ಏನೋ—"

"ನಮ್ಮ ಮನೀಯವರು ತಾವ ತಂದೀನಿ ಅಂತಿದ್ರು. ಮಾನಪ್ಪ ತಂದಾನ." ಪ್ರತಿ ಮಾತನ್ನೂ ಬಿಡಿಬಿಡಿಯಾಗಿ ಎತ್ತಿಟ್ಟಳು. "ನನ್ನ ಮಗಳು ಹೋಗೂಕಿಂತ ಮೊದ್ಲ ಎಷ್ಟ ಸಲ ಬಂದಾನ ಅಂವ ಈ ಮನಿಗಿ. ಆಕಿ ಅವನ ಚೀಲ ಹಿಡದು ಜಗ್ಗತಿದ್ಲು, ಏನ್ ತಂದಿ ಕಾಕಾ ಅಂತ. ಆ ಚೀಲದಾಗ ತಂದಾನ."

"ಅಂವ ತಪ್ಪು ಮಾಡ್ಯಾನ, ಖರೆ. ಆದ್ರ ಖೂನಿ ಅವಂದಲ್ಲ. ನೀವ ಈಗ ಹೇಳಿದ್ರಿ, ಇನ್ನೊಬ್ಬಾಂವನ್ನ ಕಣ್ಣಾರೆ ನೋಡೀನಿ ಅಂದ್ರಿ."

"ನಾ ಯಾರನ್ನೂ ನೋಡಿಲ್ಲ."

"ತಾಯಿ!"

"ಹಲಗಿ ನಾ ಕಿತ್ತಿಲ್ಲ. ಮಜ್ಜಿಗಿ ನಾ ಕೊಟ್ಟಿಲ್ಲ. ಅಂವ ಬಸ್ ಹತ್ತಿದ್ದೂ ನನಗ ಗೊತ್ತಿಲ್ಲ." ಬಿದ್ದ ಬತ್ತಿಯನ್ನು ಎತ್ತಿಕೊಂಡು ಊದಿ, ಮತ್ತೆ ತೊಡೆಯ ಮೇಲಿಟ್ಟು ಹೊಸೆಯತೊಡಗಿದಳು.

"ಬೇಗುನಾ, ಖೂನಿ ಮಾಡದ ಮನಷ್ಯಾ ಸಾಯ್ತಾನ್ರಿ. ಖರೇ ಖೂನಿಗಾರ ನಿಮ್ಮ ಕಣ್ಣ ಮುಂದ ತಿರಗತಾನ. ನಿಮ್ಮ ಜೀವಕ್ಕ—"

"ನನ್ನ ಜೀವಾ ಯುಗಾದಿಗಿ ಹೋಗೈತಿ."

ನನ್ನೇಸಾಬ್ ಎದ್ದು ನಿಂತರು. ಮಾನಪ್ಪನಿಗೆ ಕೊಟ್ಟ ಮಾತು, ಬಸವಣ್ಣೆಮ್ಮ ಕೇಳದೆ ಬಿಟ್ಟ ಪ್ರಶ್ನೆ, ಎಲ್ಲವನ್ನೂ ಅವರು ಒಂದು ಸಣ್ಣ ಹೆಮ್ಮೆಗಾಗಿ ಹಾಳು ಮಾಡಿದ್ದರು. ಬೆಳಗಿನಿಂದ ಬೇರೆಯವರ ಮೇಲೆ ಹರಿದ ಹೇಸಿಗೆ ಈಗ ತಿರುಗಿ ತಮ್ಮ ಮೇಲೇ ಬಂದಿತ್ತು.

"ಒಂದ ಒಂದು ಹೆಸರು ತಾಯಿ. ಕೈ ಮುಗೀತೀನಿ."

ಶಿವಬಸಮ್ಮ ಬತ್ತಿಯ ತುದಿಯನ್ನು ತಿರುವಿ ಚೂಪು ಮಾಡಿದಳು. ಅದನ್ನು ಉಳಿದವುಗಳ ಜೊತೆ ಸಾಲಾಗಿಟ್ಟಳು.

"ಹೇಳ್ತೀನ್ರಿ. ಹೇಳಂಗಿಲ್ಲ ಅಂದಿಲ್ಲ ನಾ," ಎಂದಳು, ಬಂದ ಅತಿಥಿಯನ್ನು ಮಾತಾಡಿಸುವಷ್ಟೇ ಮೆತ್ತಗೆ. "ಮಾನಪ್ಪನ್ನ ಹಗ್ಗಕ್ಕ ಹಾಕಿದ ಮರುದಿನ ಬರ್ರಿ."